ಪಾಡ್ಯದ ದಿನ ನಿಮ್ಮ ಪಾರ್ಕಿಗೆ ಬರುವ ಹೋಟೆಲಿನವನ ಬಹಿರಂಗ ಪತ್ರ

ಮಾನ್ಯ ವ್ಯವಸ್ಥಾಪಕರೇ,

ನಮಸ್ಕಾರ. ನಾನು ಮುಂಬಯಿಯ ಫೋರ್ಟಿನಲ್ಲಿ ಚಿಕ್ಕದೊಂದು ಉಡುಪಿ ಹೋಟೆಲು ನಡೆಸುವವನು. ದೀಪಾವಳಿಯ ಪಾಡ್ಯದ ದಿನ ಹೋಟೆಲಿನ ಹುಡುಗರು, ಭಟ್ಟರು, ಅವರ ಹೆಂಡತಿ ಮಕ್ಕಳು, ಎದುರು ಅಂಗಡಿಯ ಜೆರಾಕ್ಸಿನವರು, ಹೀಗೆ ಒಂದು ದಂಡನ್ನೇ ಬಸ್ಸಿನಲ್ಲಿ ತುಂಬಿಕೊಂಡು ನಿಮ್ಮ ಥೀಮ್ ಪಾರ್ಕಿಗೆ ಬರುವ ಹಳೇ ಗಿರಾಕಿ. ಪಾರ್ಕಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಓದಿದರೆ ನಿಮಗೆ ಗೊತ್ತಾಗುತ್ತದೆ; ಊರಿಗೆಲ್ಲ ಸಾರಿ ನಿಮ್ಮ ಧಂದೆ ಕೆಡಿಸಬೇಕೆಂದು ನನಗೇನೂ ಇಲ್ಲ. ಇದರ ಮರಾಠಿ ಪ್ರತಿ ನಿಮ್ಮ ಕಚೇರಿಗೆ ಅಂಚೆಯಲ್ಲಿ ಬಂದಿರುತ್ತದೆ. ಕನ್ನಡದಲ್ಲಿ ಬರೆಯುತ್ತಿರುವುದು, ನನ್ನ ಹಾಗೆಯೇ ಪಾಡ್ಯಕ್ಕೆ ಅಲ್ಲಿಗೆ ಬರುವ ನಮ್ಮವರು ಬಹಳ ಮಂದಿ ಇದ್ದಾರೆ, ಅವರೂ ಎರಡು ಮಾತು ಸೇರಿಸಲಿ ಎಂದು.

ಮೊದಲೇ ಹೇಳಿಬಿಡುತ್ತೇನೆ, ದೂರು ರೈಡುಗಳ ಬಗ್ಗೆ ಅಲ್ಲ. ರೋಲರ್ ಕೋಸ್ಟರ್ ಚೆನ್ನಾಗಿದೆ, ಹುಡುಗರು ಬೆಲ್ಟು ಎಳೆದು ನೋಡಿಯೇ ಬಿಡುತ್ತಾರೆ, ಶೌಚಾಲಯ ನನ್ನ ಹೋಟೆಲಿನದಕ್ಕಿಂತ ಸ್ವಚ್ಛ. ದೂರು ಹಬ್ಬದ್ದು. ಕೆಲವು ವರ್ಷಗಳಿಂದ ನಿಮ್ಮಲ್ಲಿ ದೀಪಾವಳಿಯ ಅಲಂಕಾರ ಇರುತ್ತದೆ, ದೀಪಾವಳಿಯ ದರ ಇರುತ್ತದೆ, ದೀಪಾವಳಿ ಇರುವುದಿಲ್ಲ.

ಪಾರ್ಕಿಗೆ ಬಂದು ಹಬ್ಬ ಹುಡುಕುವುದು ಯಾಕೆ, ಮನೆಯಲ್ಲೇ ಮಾಡಿಕೊಳ್ಳಬಾರದೇ ಎಂದು ನೀವು ಕೇಳಬಹುದು. ನಮ್ಮ ಕಸುಬಿನ ಲೆಕ್ಕ ಬೇರೆ. ಊರಿಗೆ ಹಬ್ಬ ಬಂತೆಂದರೆ ಹೋಟೆಲಿನವರಿಗೆ ಇಮ್ಮಡಿ ಕೆಲಸ. ಗಣಪತಿ ನೋಡಲು ಹೊರಟವರಿಗೆ ಸರಿರಾತ್ರಿಯವರೆಗೆ ಚಹಾ, ವಡೆ. ನವರಾತ್ರಿಯಲ್ಲಿ ಉಪವಾಸದವರಿಗೆ ಸಾಬುದಾಣೆ ಖಿಚಡಿ. ಲಕ್ಷ್ಮೀಪೂಜೆಯ ದಿನ ದಲಾಲ್ ಸ್ಟ್ರೀಟಿನಲ್ಲಿ ಮುಹೂರ್ತದ ವಹಿವಾಟು. ಶೇರಿನವರು ಹೊಸ ಜುಬ್ಬಾ ತೊಟ್ಟು ಒಂದು ತಾಸು ವ್ಯಾಪಾರ ಮುಗಿಸಿ ಗುಂಪಾಗಿ ಕಾಫಿಗೆ ಬರುತ್ತಿದ್ದರು. (ಈಗ ಅದೂ ಮೊಬೈಲಿನಲ್ಲೇ ಮುಗಿಯುತ್ತದೆ, ಆ ಗಿರಾಕಿ ಹೋಯಿತು.) ಪಾಡ್ಯದ ದಿನ ಮಾತ್ರ ಬ್ಯಾಂಕು, ಕೋರ್ಟು, ಆಫೀಸು ಎಲ್ಲಕ್ಕೂ ರಜೆ. ಫೋರ್ಟಿನಲ್ಲಿ ಪಾರಿವಾಳ ಬಿಟ್ಟರೆ ಯಾರೂ ಇರುವುದಿಲ್ಲ. ಅವತ್ತು ನಾವು ಶಟರ್ ಎಳೆಯುತ್ತೇವೆ.

ಊರಿಗೆ ಹೋಗಿ ಬರೋಣವೆಂದರೆ ಒಂದು ದಿನದ ರಜೆ ಯಾವ ಮೂಲೆಗೆ? 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೂ ಕುಂದಾಪುರಕ್ಕೆ ಹೋಗಲು ಒಂದು ರಾತ್ರಿ ಬೇಕು, ಬರಲು ಇನ್ನೊಂದು. ಹಬ್ಬದ ಸಮಯದಲ್ಲಿ ಟಿಕೆಟು ಸಿಗುವುದು ದೇವರ ದಯೆ. ನಮ್ಮ ಹುಡುಗರು ಮಲಗುವುದು ಹೋಟೆಲಿನ ಅಟ್ಟದ ಮೇಲೆ. ದೀಪ ಇಡೋಣವೆಂದರೆ ಅಲ್ಲಿ ಅಂಗಳ ಎಲ್ಲಿದೆ? ವರ್ಷಕ್ಕೊಮ್ಮೆ ನಿಮ್ಮ ಮೈದಾನವೇ ಅವರ ಅಂಗಳವಾಗಿತ್ತು. ನಿಮ್ಮ ಹಿಂದಿನವರು ಅದನ್ನು ತಿಳಿದು ಮಾಡಿದರೋ ತಿಳಿಯದೆ ಮಾಡಿದರೋ, ಮಾಡಿದ್ದಂತೂ ಹೌದು.

ಗೇಟು ದಾಟಿದ ಕೂಡಲೇ ಬಲಕ್ಕೆ, ಈಗ ಫೋಟೋಕ್ಕೆಂದು ಎಲ್‌ಇಡಿಯ ದೊಡ್ಡ ರೆಕ್ಕೆಗಳನ್ನು ನಿಲ್ಲಿಸಿದ್ದೀರಲ್ಲ, ಅಲ್ಲಿ ಮೊದಲು ಕೆಮ್ಮಣ್ಣಿನ ರಾಶಿ ಇರುತ್ತಿತ್ತು. ಈ ಸೀಮೆಯ ಮಕ್ಕಳು ದೀಪಾವಳಿ ರಜೆಯಲ್ಲಿ ಮನೆ ಮುಂದೆ ಕಟ್ಟುವ ಕಿಲ್ಲಾ, ಅದನ್ನೇ ದೊಡ್ಡದಾಗಿ ಕಟ್ಟಿಸುತ್ತಿದ್ದಿರಿ. ಇಟ್ಟಿಗೆ, ಕಲ್ಲು ಜೋಡಿಸಿ, ಹಳೇ ಗೋಣಿತಾಟನ್ನು ಕೆಸರಿನಲ್ಲಿ ಅದ್ದಿ ಹೊದಿಸಿ ಬೆಟ್ಟ ಮಾಡುವುದು; ಅದರ ಮೇಲೆ ಸಾಸಿವೆ, ಅಳವಿ ಬೀಜ ಚೆಲ್ಲಿ ನೀರು ಚಿಮುಕಿಸುವುದು. ನಾಲ್ಕಾರು ದಿನದಲ್ಲಿ ಬೆಟ್ಟಕ್ಕೆಲ್ಲ ಹಸಿರು. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಮೆಟ್ಟಿಲ ಉದ್ದಕ್ಕೂ ಮಣ್ಣಿನ ಮಾವಳೆ ಸೈನಿಕರು, ಬುರುಜಿಗೊಂದು ತೋಪು. ಬೆಟ್ಟ ನಿಮ್ಮವರದು, ಉಳಿದದ್ದು ಬಂದವರದು. ಮಕ್ಕಳು, ಮಕ್ಕಳ ನೆಪದಲ್ಲಿ ಅಪ್ಪಂದಿರು, ಪ್ಯಾಂಟು ಮಡಿಚಿ ಕುಳಿತು ಒಬ್ಬರು ಬಾಗಿಲು, ಒಬ್ಬರು ಕೆರೆ, ಇನ್ನೊಬ್ಬರು ಕುದುರೆ ಲಾಯ ಎಂದು ಕಟ್ಟುತ್ತಿದ್ದರು.

ಒಂದು ವರ್ಷ ನಮ್ಮಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಬಸ್ರೂರಿನ ಹುಡುಗನೊಬ್ಬ ಹೊಸದಾಗಿ ಬಂದಿದ್ದ. ರಾಯಗಡ, ಪ್ರತಾಪಗಡ, ಸಿಂಧುದುರ್ಗ ಎಂದು ಹಲಗೆ ನೆಟ್ಟಿದ್ದನ್ನೆಲ್ಲ ಓದಿ, "ಅಣ್ಣಾ, ಶಿವಾಜಿ ನಮ್ ಬಸ್ರೂರಿಗೂ ಬಂದಿದ್ರ್ ಅಲ್ದಾ?" ಎಂದ. ಬಂದದ್ದು ನಿಜ. 1665ರಲ್ಲಿ ಹಡಗಿನ ದಂಡು ಕಟ್ಟಿಕೊಂಡು ಸಮುದ್ರದ ದಾರಿಯಲ್ಲೇ ಬಂದು ಬಸ್ರೂರಿನ ಮೇಲೆ ಬಿದ್ದಿದ್ದರು. ಕಿಲ್ಲಾ ನೋಡಿಕೊಳ್ಳುತ್ತಿದ್ದ ನಿಮ್ಮ ಮೇಸ್ತ್ರಿಗೆ ಈ ಸಂಗತಿ ಹೇಳಿದೆ. ಆತ ತಲೆ ಕೆರೆದುಕೊಂಡು, ಇನ್ನೊಮ್ಮೆ ಹೇಳಿಸಿಕೊಂಡು, ಸಿಂಧುದುರ್ಗದ ಪಕ್ಕದಲ್ಲಿ ಒಂದು ಮೊಳ ಜಾಗ ಬಿಟ್ಟುಕೊಟ್ಟ. ಹುಡುಗ ಅಲ್ಲಿ ವಾರಾಹಿ ಹೊಳೆ ತೋಡಿದ, ತೆಂಗಿನ ಚಿಪ್ಪಿಗೆ ಊದಿನಕಡ್ಡಿ ನೆಟ್ಟು, ಬಸ್ ಟಿಕೆಟಿನ ಹಾಯಿ ಕಟ್ಟಿ ಹಡಗು ಮಾಡಿದ. ಲೂಟಿಯಾದ ಊರಿನವನೇ ಲೂಟಿಗೆ ಬಂದ ಹಡಗನ್ನು ಅಷ್ಟು ಮುತುವರ್ಜಿಯಿಂದ ಮಾಡುವುದನ್ನು ನೋಡಿ ನಮ್ಮ ಭಟ್ಟರಿಗೆ ನಗು ತಡೆಯಲಾಗಲಿಲ್ಲ. ಆ ಮೇಸ್ತ್ರಿ ಮುಂದಿನ ವರ್ಷ, ನಾವು ಕೇಳುವ ಮೊದಲೇ, "ಬಸ್ರೂರ್" ಎಂದು ದೇವನಾಗರಿಯಲ್ಲಿ ಹಲಗೆ ಬರೆಸಿಟ್ಟಿದ್ದ. ಅವನಿಗೆ ಪಗಾರ ಕೊಟ್ಟದ್ದು ನೀವು. ಈ ಕೆಲಸ ಮಾಡೆಂದು ನೀವೇನೂ ಹೇಳಿರಲಿಕ್ಕಿಲ್ಲ.

2025ರ ಜುಲೈಯಲ್ಲಿ ಯುನೆಸ್ಕೋದವರು ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ರಾಯಗಡವಿದೆ, ಪ್ರತಾಪಗಡವಿದೆ, ಸಿಂಧುದುರ್ಗವಿದೆ. ತಮಿಳುನಾಡಿನ ಜಿಂಜಿಯೂ ಇದೆ. ಆ ವರ್ಷವಾದರೂ ದೀಪಾವಳಿಗೆ ಮಣ್ಣು ತರಿಸಿರುತ್ತೀರಿ ಎಂದುಕೊಂಡೇ ಬಂದೆವು. ಕಂಡದ್ದು ಆ ರೆಕ್ಕೆಗಳು. ರೆಕ್ಕೆಗಳ ಮುಂದೆ ನಿಲ್ಲಲು ಸರತಿ, ನಿಂತು ಫೋಟೋ ಹೊಡೆಸಿಕೊಳ್ಳಲು ಬೇರೆ ದುಡ್ಡು.

ಕಂದೀಲಿನ ಕಥೆಯೂ ಅದೇ. ಬಿದಿರಿನ ಕಡ್ಡಿ, ಗಾಳಿಪಟದ ಕಾಗದ, ಗೋಂದು ಮುಂದಿಟ್ಟುಕೊಂಡು ಇಬ್ಬರು ಹಿರಿಯರು ಕೂರುತ್ತಿದ್ದರು. ಯಾರು ಬೇಕಾದರೂ ಪಕ್ಕದಲ್ಲಿ ಕುಳಿತು ಆಕಾಶಕಂದೀಲು ಮಾಡಿ ಮನೆಗೆ ಒಯ್ಯಬಹುದಿತ್ತು. ನಮ್ಮ ಹೋಟೆಲಿನ ಬಾಗಿಲಿಗೆ ಎಷ್ಟೋ ವರ್ಷ ತೂಗಿದ್ದು ಹುಡುಗರು ಅಲ್ಲಿ ಮಾಡಿದ ಸೊಟ್ಟ ಕಂದೀಲೇ. ಈಗ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕಂದೀಲಿನ ಸರ. ಅದನ್ನೇ ಬೇಕೆಂದರೆ ಮಾಹಿಮಿನ ಕಂದೀಲ ಗಲ್ಲಿಗೆ ಹೋದರೆ ನೂರು ಬಗೆ ಸಿಗುತ್ತದೆ, ಅದಕ್ಕೆ ಪ್ರವೇಶ ಟಿಕೆಟೂ ಇಲ್ಲ.

ನನಗೆ ನಿಜವಾಗಿ ಬೇಸರ ತಂದದ್ದು ಸಂಜೆಯ ದೀಪ. ಗೇಟಿನಲ್ಲಿ ಟಿಕೆಟಿನ ಜೊತೆ ಒಂದೊಂದು ಹಣತೆ ಕೈಗೆ ಕೊಡುತ್ತಿದ್ದಿರಿ, ನೆನಪಿದೆಯೇ? ಹೊತ್ತು ಮುಳುಗುವಾಗ ರೈಡುಗಳ ಸಂಗೀತ ಬಂದ್ ಮಾಡಿ, ಎಲ್ಲರೂ ಕಾರಂಜಿಯ ಕಟ್ಟೆ ಸುತ್ತ ಹಣತೆ ಇಡುವುದು. ನಿಮ್ಮ ಸೆಕ್ಯುರಿಟಿಯವರೇ ಎಣ್ಣೆಯ ಗಿಂಡಿ ಹಿಡಿದು ತಿರುಗುತ್ತಿದ್ದರು. ಆಮೇಲೆ ಮೈಕು ಜನರ ಕೈಗೆ. ಒಬ್ಬರು ಅಭಂಗ ಹಾಡುವರು, ಇನ್ನೊಬ್ಬರು ಮಗನ ಕೈಯಲ್ಲಿ ಪದ್ಯ ಹೇಳಿಸುವರು, ಗುಜರಾತಿ ಹೆಂಗಸರು ಕಟ್ಟೆಯನ್ನೇ ಸುತ್ತಿ ಗರ್ಬಾ ಹಾಕುವರು.

ನಮ್ಮ ದೋಸೆ ಭಟ್ಟರು ಗಲ್ಲೆಯ ಎದುರು ಬಂದು ಪಗಾರ ಕೇಳಲೂ ನಾಚುವ ಮನುಷ್ಯ. ಹುಡುಗರು ಹಿಂದಿನಿಂದ ನೂಕಿ ಮೈಕಿನ ಮುಂದೆ ನಿಲ್ಲಿಸಿದರು. ನಿಂತವರೇ ಊರಿನಲ್ಲಿ ಗದ್ದೆಯಂಚಿಗೆ ದೀಪ ಇಟ್ಟು ಕರೆಯುವ ಹಾಗೆ ಬಲೀಂದ್ರನನ್ನು ಕರೆದು, ಕೊನೆಗೆ "ಕೂ" ಎಂದು ಎಳೆದರು. ಮೊದಲ ಸಲ ತಿರುಗಿ ಕೂಗಿದ್ದು ನಮ್ಮ ಬಸ್ಸಿನವರು ಮಾತ್ರ. ಎರಡನೆಯ ಸಲ ಸಾತಾರೆಯವರು, ಗುಜರಾತಿಗಳು, ಐಸ್‌ಕ್ರೀಮ್ ಮಾರುವವನು, ದೈತ್ಯಚಕ್ರದ ಸರತಿಯಲ್ಲಿ ನಿಂತವರು ಎಲ್ಲರೂ "ಕೂ" ಎಂದರು. ನೌವಾರಿ ಸೀರೆಯ ಅಜ್ಜಿಯೊಬ್ಬರು ಮುಂದೆ ಬಂದು "ಇಡಾ ಪೀಡಾ ಟಳೋ, ಬಳೀಚೆ ರಾಜ್ಯ ಯೇವೋ" (ಪೀಡೆ ತೊಲಗಲಿ, ಬಲಿಯ ರಾಜ್ಯ ಬರಲಿ) ಎನ್ನುತ್ತ ಹಣತೆಯೆತ್ತಿ ಭಟ್ಟರ ಮುಖಕ್ಕೇ ಬೆಳಗಿದರು. ಅವರ ಪಾಡ್ಯವೂ ಬಲಿಯದೇ ಅಲ್ಲವೇ. ಅಲ್ಲಿಂದ ಮುಂದೆ ಪ್ರತಿ ಪಾಡ್ಯಕ್ಕೂ ನಿಮ್ಮವರೇ "ಕೂ ಅನ್ನುವ ಕಾಕಾ ಎಲ್ಲಿ?" ಎಂದು ಹುಡುಕಿಕೊಂಡು ಬರುತ್ತಿದ್ದರು.

ಹೋದ ವರ್ಷ ಭಟ್ಟರು ಹೊಸ ಪಂಚೆ ಉಟ್ಟು ಬಂದಿದ್ದರು. ಕಾರಂಜಿಯ ಸುತ್ತ ಹಗ್ಗ ಕಟ್ಟಿ, ಒಳಗೆ ಹೋಗಲು ಬೇರೆ ಪಾಸು, ಕೈಗೊಂದು ಪಟ್ಟಿ. ಪಾಸು ಕೊಂಡವರಿಗೆ ಕುರ್ಚಿ, ಕೊಳ್ಳದವರು ಹಗ್ಗದಾಚೆ. ವೇದಿಕೆಯಲ್ಲಿ ಡಿಜೆ. ಮೈಕು ಹಿಡಿದ ಹುಡುಗನನ್ನು ನಾನೇ ಕೇಳಿದೆ, ಇವರಿಗೆ ಒಂದು ನಿಮಿಷ ಕೊಡಪ್ಪಾ ಎಂದು. ಪಾಪ, ಅವನು ಮರ್ಯಾದೆಯಿಂದಲೇ ಹೇಳಿದ: "ಕಾಕಾ, ಎಲ್ಲ ಬರೆದುಕೊಟ್ಟಿದ್ದಾರೆ, ನಿಮಿಷ ನಿಮಿಷದ ಲೆಕ್ಕ." ಅವನ ಮೇಲೆ ನನಗೆ ಸಿಟ್ಟಿಲ್ಲ. ಬರೆದುಕೊಟ್ಟವರು ಯಾರೋ, ಈ ಪತ್ರ ಅವರಿಗೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಪಟಾಕಿ ಆಟ ನಿಂತಿದ್ದಕ್ಕೆ ನಾವು ತಕರಾರು ಮಾಡಲಿಲ್ಲ. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10ರ ಸಮಯ ಕಟ್ಟಿತು, ಅದೂ ಕಡಿಮೆ ಹೊಗೆಯ, ಹಸಿರು ಪಟಾಕಿಗಳಿಗೆ ಮಾತ್ರ. 2023ರಲ್ಲಿ ಮುಂಬಯಿಯ ಗಾಳಿ ಕೆಟ್ಟಾಗ ಇಲ್ಲಿನ ಹೈಕೋರ್ಟೂ ಅದನ್ನೇ ಬಿಗಿ ಮಾಡಿತು. ಸರಿಯೇ, ಒಲೆಯ ಮುಂದೆ ನಿಂತು ನಿಂತು ನಮ್ಮ ಭಟ್ಟರುಗಳ ಎದೆ ಮೊದಲೇ ಹಾಳಾಗಿರುತ್ತದೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡವೆಂದರೂ ಸರಿ. 2020ರ ಮಾರ್ಚಿನಲ್ಲಿ ಬಾಗಿಲು ಹಾಕಿದಿರಿ, ನಾವೂ ಹಾಕಿದೆವು. ಆ ನಷ್ಟ ಏನೆಂದು ಹೋಟೆಲಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಮಣ್ಣು, ಗೋಣಿತಾಟು, ಸಾಸಿವೆ, ಬಿದಿರುಕಡ್ಡಿ, ಹಣತೆ, ಇವನ್ನು ಯಾವ ಕೋರ್ಟೂ ಬೇಡವೆಂದಿಲ್ಲ. ನಷ್ಟ ತುಂಬಿಕೊಳ್ಳಲು ತೆಗೆದಿರಿ ಎನ್ನೋಣವೆಂದರೆ ಇವು ನಿಮ್ಮ ಖರ್ಚಿನ ಪಟ್ಟಿಯಲ್ಲೇ ಅತಿ ಅಗ್ಗದವು. ಡಿಜೆಗೆ ಒಂದು ರಾತ್ರಿಗೆ ಕೊಡುವ ದುಡ್ಡಿನಲ್ಲಿ ಹಣತೆ ಎಷ್ಟು ವರ್ಷಕ್ಕೆ ಬಂದೀತು, ನೀವೇ ಗುಣಿಸಿ ನೋಡಿ.

ತೆರಿಗೆಯ ಮಾತನ್ನೂ ತೆಗೆಯಬೇಡಿ. 2017ರಲ್ಲಿ ಜಿಎಸ್‌ಟಿ ಬಂದಾಗ ಥೀಮ್ ಪಾರ್ಕಿನ ಟಿಕೆಟಿಗೆ 28 ಪ್ರತಿಶತ ಹಾಕಿದ್ದರು, ಜಾಸ್ತಿಯೇ ಆಗಿತ್ತು. ಆದರೆ 2018ರ ಜನವರಿಯಲ್ಲಿ 18ಕ್ಕೆ ಇಳಿಸಿದರು. ನಿಮ್ಮ ಕಿಟಕಿಯಲ್ಲಿ ಆ ಇಳಿಕೆ ನನಗಂತೂ ಕಾಣಲಿಲ್ಲ.

ಕ್ರಿಸ್‌ಮಸ್ಸಿನ ಬಗ್ಗೆ ಬರೆಯಲು ನನಗೆ ಅಷ್ಟು ಅಧಿಕಾರವಿಲ್ಲ, ಡಿಸೆಂಬರಿನಲ್ಲಿ ನಾನು ಬರುವುದು ಕಡಿಮೆ. ನಮ್ಮ ಬಿಲ್ಡಿಂಗಿನಲ್ಲಿ ಮಂಗಳೂರಿನ ಕ್ರಿಸ್ತರ ಹೆಂಗಸೊಬ್ಬರಿದ್ದಾರೆ, ಬಾಯಿ ಎಂದೇ ಕರೆಯುತ್ತೇವೆ. ಹಬ್ಬಕ್ಕೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಡಬ್ಬಿ ತಪ್ಪದೆ ಕಳಿಸುತ್ತಾರೆ. ಅವರು ಹೇಳಿದ್ದನ್ನೇ ಬರೆಯುತ್ತೇನೆ. ಮೊದಲು ಪಕ್ಕದ ಹಳ್ಳಿಯ ಹುಡುಗ ಹುಡುಗಿಯರು ಬಂದು ಹುಲ್ಲು, ಬಿದಿರು ತಂದು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆ) ಕಟ್ಟುತ್ತಿದ್ದರಂತೆ, ಸಂಜೆ ನಿಂತು ಕ್ಯಾರಲ್ ಹಾಡುತ್ತಿದ್ದರಂತೆ, ಬಾಯಿಯವರೂ ದನಿಗೂಡಿಸಿ ಒಂದೆರಡು ಕೊಂಕಣಿ ಹಾಡು ಹೇಳುತ್ತಿದ್ದರಂತೆ. ಈಗ ಗೋದಲಿ ಇಲ್ಲ. ಪ್ಲಾಸ್ಟಿಕ್ ಮರ, ಮಷಿನ್ನಿನಿಂದ ಹಾರಿಸುವ ಸೋಪಿನ ನೊರೆಯ ಹಿಮ. "ದೀಪಾವಳಿಗೆ ಕಟ್ಟಿದ ಲೈಟನ್ನು ಬಿಚ್ಚಿಯೂ ಇರಲಿಲ್ಲ ಮಾರಾಯ್ರೇ, ಗೊಂಬೆಗೆ ಒಂದು ಕೆಂಪು ಟೊಪ್ಪಿ ಹಾಕಿ ನಾತಾಳ ಮಾಡಿಬಿಟ್ಟಿದ್ದಾರೆ" ಎಂದು ಬಾಯಿ ನಕ್ಕರು. ಅವರು ನಗುತ್ತಾರೆ, ನನಗೆ ಅಷ್ಟು ಸುಲಭಕ್ಕೆ ನಗು ಬರುವುದಿಲ್ಲ.

ಪಾರ್ಕು ಎಂದ ಮೇಲೆ ಬದಲಾಗಲೇಬೇಕು, ಜನಕ್ಕೆ ಹೊಸದು ಬೇಕು ಎಂದು ನಿಮ್ಮ ಮಾರ್ಕೆಟಿಂಗಿನವರು ಹೇಳಬಹುದು. ಅಮೆರಿಕದ ಡಿಸ್ನಿಲ್ಯಾಂಡ್ 1955ರಲ್ಲಿ ಶುರುವಾಯಿತು. 1958ರಲ್ಲಿ ಅಲ್ಲಿ ಮೇಣದಬತ್ತಿ ಹಿಡಿದು ಕ್ಯಾರಲ್ ಹಾಡುವ ಮೆರವಣಿಗೆ ಶುರುಮಾಡಿದರು. ರೈಡುಗಳು ಎಷ್ಟೋ ಬಂದವು, ಎಷ್ಟೋ ಹೋದವು. ಆ ಡಿಸೆಂಬರಿನ ಹಾಡು ಇನ್ನೂ ಇದೆ. ಡೆನ್ಮಾರ್ಕಿನ ಟಿವೋಲಿ 1843ರ ಪಾರ್ಕು, ಆದರೆ ಅಲ್ಲಿ ಕ್ರಿಸ್‌ಮಸ್ ಹಂಗಾಮು ಶುರುವಾದದ್ದು 1994ರಲ್ಲಿ. ಅಂದರೆ ಪದ್ಧತಿ ಶತಮಾನದಷ್ಟು ಹಳೆಯದೇ ಆಗಬೇಕೆಂದಿಲ್ಲ, ಬಿಡದೆ ನಡೆಸಿದರೆ ಸಾಕು. ಅಷ್ಟು ದೂರ ಯಾಕೆ, ನಮ್ಮ ಗಿರ್‌ಗಾಂವಿನ ಕೇಶವಜಿ ನಾಯಕ್ ಚಾಳಿನವರು 1893ರಿಂದ ಗಣಪತಿ ಇಡುತ್ತಿದ್ದಾರೆ. ಊರೆಲ್ಲ ಮೂರ್ತಿಗಳು ಮುಗಿಲಿಗೆ ಮುಟ್ಟಿದರೂ ಅವರದು ಅದೇ ಪುಟ್ಟ ಮಣ್ಣಿನ ಮೂರ್ತಿ. ಜನ ಹುಡುಕಿಕೊಂಡು ಹೋಗುತ್ತಾರೆ.

ಇನ್ನು ನಾನು ಕೇಳುವುದು. ಮೊದಲನೆಯದು ತೀರ ವ್ಯಾಪಾರದ ಮಾತು. ನಮ್ಮ ಹೋಟೆಲಿನಲ್ಲಿ ನೀರುದೋಸೆ ಇಲ್ಲದ ದಿನ ಬೋರ್ಡಿನಿಂದ ಅಳಿಸಿಯೇ ಗಿರಾಕಿಯನ್ನು ಒಳಗೆ ಬಿಡುತ್ತೇವೆ. ಕೂರಿಸಿ, ನೀರು ಕೊಟ್ಟು, ಆಮೇಲೆ ಇಲ್ಲ ಎನ್ನುವುದಿಲ್ಲ. ನಿಮ್ಮ ಜಾಹೀರಾತಿನಲ್ಲಿ ಹೋದ ವರ್ಷವೂ ಹಣತೆ ಹಿಡಿದ ಮಕ್ಕಳ ಹಳೇ ಫೋಟೋ ಇತ್ತು. ಹಣತೆ ಇಲ್ಲದಿದ್ದರೆ ಆ ಫೋಟೋ ತೆಗೆಯಿರಿ. ಯಾವ ದಿನ ಏನಿದೆ, ಯಾವುದಕ್ಕೆ ಬೇರೆ ದುಡ್ಡು ಎಂಬುದನ್ನು ಟಿಕೆಟು ಕೊಳ್ಳುವ ಜಾಗದಲ್ಲೇ ಬರೆಯಿರಿ, ಮರಾಠಿಯಲ್ಲಿ, ಹಿಂದಿಯಲ್ಲಿ. ಮನಸ್ಸಿದ್ದರೆ ಕನ್ನಡದಲ್ಲಿ ಬರೆದುಕೊಡಲು ನಾನೇ ಬರುತ್ತೇನೆ.

ಎರಡನೆಯದು, ಕಾರಂಜಿಯ ಸುತ್ತಲಿನ ಹಗ್ಗ. ಪಾಸು ಮಾರಬೇಕಾದರೆ ಡಿಜೆಗೆ ಮಾರಿ, ಕುರ್ಚಿಗೆ ಮಾರಿ, ಊಟಕ್ಕೆ ಮಾರಿ. ಹೊತ್ತು ಮುಳುಗುವ ಆ ಅರ್ಧ ತಾಸು ಮಾತ್ರ ಹಗ್ಗ ಬಿಚ್ಚಿ. ಹಣತೆಗೆ ದುಡ್ಡು ತೆಗೆದುಕೊಳ್ಳುತ್ತೀರಾ, ತೆಗೆದುಕೊಳ್ಳಿ, ನಾವು ಕೊಡುತ್ತೇವೆ. ಆದರೆ ಒಂದೇ ಬಸ್ಸಿನಲ್ಲಿ ಬಂದವರಲ್ಲಿ ಜೆರಾಕ್ಸಿನವರ ಮಕ್ಕಳು ಹಗ್ಗದ ಒಳಗೆ, ಕಪ್ಪು ಬಸಿ ತೊಳೆಯುವವನ ಮಕ್ಕಳು ಹೊರಗೆ, ಹೀಗೆ ನಿಂತದ್ದನ್ನು ನಾನು ನೋಡಿದೆ. ಅವತ್ತು ಎಲ್ಲರಿಗೂ ಪಾಸು ಕೊಳ್ಳುವಷ್ಟು ದುಡ್ಡು ನನ್ನ ಜೇಬಿನಲ್ಲೂ ಇರಲಿಲ್ಲ.

ಮೂರನೆಯದು ಕಿಲ್ಲಾದ ಮಣ್ಣು. ರೆಕ್ಕೆಗಳನ್ನು ತೆಗೆಯಬೇಕೆಂದಿಲ್ಲ, ಹುಡುಗಿಯರಿಗೆ ಅವು ಇಷ್ಟ. ಪಾರ್ಕಿಂಗಿನ ಪಕ್ಕದಲ್ಲಿ ಜಾಗ ಖಾಲಿ ಬಿದ್ದಿದೆ. ಆ ಮೇಸ್ತ್ರಿ ಈಗ ನಿಮ್ಮಲ್ಲಿ ಇಲ್ಲವೆಂದು ಕೇಳಿದೆ. ಇದ್ದರೆ ಕರೆಸಿ, ಇಲ್ಲವಾದರೆ ನಮ್ಮ ಬಸ್ರೂರಿನ ಹುಡುಗ ಈಗ ಅಂಧೇರಿಯಲ್ಲಿ ಸ್ವಂತ ಜ್ಯೂಸ್ ಸೆಂಟರ್ ಇಟ್ಟಿದ್ದಾನೆ, ಹೇಳಿ ಕಳಿಸಿದರೆ ಅಂಗಡಿ ಬಾಗಿಲು ಹಾಕಿ ಬರುತ್ತಾನೆ. ನಾನು ಕೇಳಿ ನೋಡಿದ್ದೇನೆ.

ಭಟ್ಟರ ಮೈಕಿನ ವಿಷಯವನ್ನು ನಾನು ಬೇಡಿಕೆಯಲ್ಲಿ ಸೇರಿಸಿಲ್ಲ. ಬರೆಯಬೇಡಿ ಎಂದು ಅವರೇ ಹೇಳಿದರು. ಕೇಳಿ ಇಸಿದುಕೊಂಡರೆ ಅದರಲ್ಲೇನು ಬಂತು ಎನ್ನುತ್ತಾರೆ.

ನಮ್ಮ ಬಸ್ಸಿನವನು ದಸರೆಯೊಳಗೆ ಮುಂಗಡ ಕೇಳುತ್ತಾನೆ. ಆಮೇಲಾದರೆ ಪಾಡ್ಯಕ್ಕೆ ಗಾಡಿ ಸಿಗುವುದಿಲ್ಲ. ಹುಡುಗರಲ್ಲಿ ಕೆಲವರು ಈ ಸಲ ಅಲಿಬಾಗಿಗೆ ಹೋಗೋಣ ಎನ್ನುತ್ತಿದ್ದಾರೆ. ಇನ್ನೂ ಹೂಂ ಎಂದಿಲ್ಲ. ನಿಮ್ಮ ಉತ್ತರ ಅಷ್ಟರೊಳಗೆ ಬರಲಿ. ಕಾಗದವೇ ಬೇಕೆಂದಿಲ್ಲ, ಗೇಟಿನ ಬೋರ್ಡಿನ ಮೇಲೆ ಬರೆದರೂ ಸಾಕು, ಆ ಕಡೆ ಹೋಗಿ ಬರುವ ನಮ್ಮವರು ಓದಿ ಹೇಳುತ್ತಾರೆ.

ಇತಿ,
ಫೋರ್ಟಿನ ಒಬ್ಬ ಹೋಟೆಲಿನವ